ಹಳೆಮಗ ಗುಂಡಿ ತೋಡದ ದಿನ

ಪೂರಿಗಾಲಿ ಕಡೆಯ ಒಂದೂರಿನ ಪುಟ್ಟರಾಜು ಜಯಪ್ರಕಾಶ್ ಗೌಡರ ಮನೆಯ ಹಳೆಮಗ. ಹಳೆಮಗ ಅಂದರೆ ಮಗ ಅಂದುಕೊಂಡೀರಿ, ಮಣ್ಣು! ಆ ಮನೆಯಲ್ಲಿ ಯಾರಾದರೂ ಸತ್ತರೆ ಬರಿಗಾಲಲ್ಲಿ ನೆಂಟರೂರುಗಳಿಗೆ ನಡೆದು ಸುದ್ದಿ ಮುಟ್ಟಿಸಬೇಕು, ಗುಂಡಿ ತೋಡಬೇಕು, ಸತ್ತ ದನ ಎಳೆಯಬೇಕು. ತಾತ ಮಾಡಿದ್ದ, ಅಪ್ಪ ಮಾಡಿದ್ದ. ಒಮ್ಮೆ ಸುದ್ದಿ ತಡವಾಯಿತೆಂದು ಅಪ್ಪನನ್ನು ಆಲೆಮನೆಯ ಕಂಬಕ್ಕೆ ಕಟ್ಟಿ ಬಾರುಕೋಲಿನಲ್ಲಿ ಚರ್ಮ ಸುಲಿಯುವಂತೆ ಬಾರಿಸಿದ್ದರು. ಎಂಟು ವರ್ಷದ ಪುಟ್ಟರಾಜು ನೋಡುತ್ತಾ ನಿಂತಿದ್ದ. ಅಂದು ಅಡ್ಡ ಬಂದು ಕೋಲು ಕಿತ್ತುಕೊಂಡವರು ಆಗಿನ ಹಿರಿಗೌಡರ ಸೊಸೆ, ಜಯಪ್ರಕಾಶನ ತಾಯಿ ಚಲುವಮ್ಮ. ಅದನ್ನು ಅವನು ಮರೆತಿರಲಿಲ್ಲ.

ಮಳವಳ್ಳಿಯಲ್ಲಿ ಬಿ.ಎ. ಓದುವ ಮಗಳು ನಯನ ಒಂದು ಸಂಜೆ ಅಮೆರಿಕದ ಇತಿಹಾಸ ಜೋರಾಗಿ ಓದುತ್ತಿದ್ದಳು. ಅಲ್ಲಿ ದನ ಮಾರುವ ಹಾಗೆ ಮನುಷ್ಯರನ್ನು ಮಾರುತ್ತಿದ್ದರಂತೆ, ತಪ್ಪಿಸಿಕೊಂಡು ಓಡಿದವರ ಮೇಲೆ ನಾಯಿ ಛೂ ಬಿಡುತ್ತಿದ್ದರಂತೆ.

"ಉಟ್ಟೋ ಮಕ್ಳೂ ಕೊಂಡೋರ್ದೇಯಾ?" ಎಂದು ಕೇಳಿದ ಪುಟ್ಟರಾಜು.

"ಊ ಕಣಪ್ಪ. ತಾಯಿ ಗುಲಾಮಳಾದ್ರೆ ಮಗೂನೂವೆ ಗುಲಾಮ. ಕಾನೂನೇ ಅಂಗಿತ್ತು."

"ನಮ್ಮನ್ನ ಯಾರೂ ಕೊಂಡ್ಕೊಂಡೇ ಇಲ್ವಲ್ಲವ್ವ!"

ಹಿಂದಿನ ವಾರವಷ್ಟೇ ಜಯಪ್ರಕಾಶ್ ಹೇಳಿ ಕಳಿಸಿದ್ದ: ನಿನಗೆ ಗಂಡುಮಕ್ಕಳಿಲ್ಲ, ಮಗಳಿಗೆ ಮನೆಅಳಿಯನನ್ನು ತಂದು ಈ ಕೆಲಸಕ್ಕೆ ನಿಲ್ಲಿಸು, ಅವಳು ನಮ್ಮ ಕೊಟ್ಟಿಗೆ ನೋಡಿಕೊಳ್ಳಲಿ. ತಾನು ಇನ್ನೊಂದು ಸಲ ಗುದ್ದಲಿ ಹಿಡಿದರೆ ಈ ಕೆಲಸ ನಯನಳ ಕೊರಳಿಗೇ ಬೀಳುತ್ತದೆ ಎಂದು ಪುಟ್ಟರಾಜುವಿಗೆ ಖಾತ್ರಿಯಾಯಿತು.

ತಿಂಗಳೊಳಗೆ ಚಲುವಮ್ಮ ತೀರಿಕೊಂಡರು. ಫೋನಿನಲ್ಲೇ ಸುದ್ದಿ ಕೆರಗೋಡಿನ ನೆಂಟರವರೆಗೂ ಮುಟ್ಟಿತ್ತು, ಹೆಣದ ಫೋಟೋ ವಾಟ್ಸಾಪಿನಲ್ಲಿ ಓಡಾಡಿತ್ತು. ಆದರೂ ಹಳೆಮಗ ನಡೆದೇ ಹೋಗಬೇಕಂತೆ, ಪದ್ಧತಿಯಂತೆ! ಕರೆಯಲು ಬಂದವನಿಗೆ ಪುಟ್ಟರಾಜು "ಬರಾಕಿಲ್ಲ ಅಂತೇಳು" ಎಂದು ಬಾಗಿಲು ಹಾಕಿಕೊಂಡ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹಾಳು ಮನಸ್ಸು ಕೇಳಬೇಕಲ್ಲ! ಆಯಮ್ಮನ ಮುಖ ಒಂದು ಸಲ ನೋಡಲೇಬೇಕು ಅನ್ನಿಸಿ, ಹೂವಿನ ಹಾರ ಹಿಡಿದು, ಚಪ್ಪಲಿ ಮೆಟ್ಟಿಕೊಂಡೇ ಗೌಡರ ಬೀದಿಗೆ ಹೋದ. ಹಾರ ಯಾರ ಕಣ್ಣಿಗೂ ಬೀಳಲಿಲ್ಲ. ಹಳೆಮಗ ಬಂದ, ಅಷ್ಟೇ. ಜಯಪ್ರಕಾಶ್ ಗುದ್ದಲಿ ತಂದು ಅವನ ಕಾಲ ಬುಡಕ್ಕೆ ಎಸೆದ.

"ಈಗ ಬಂದ್ಯೇನ್ಲಾ? ನಡಿ, ಗುಂಡಿ ತೋಡು."

"ಅವ್ವಾರ ಮೊಕ ನೋಡಕ್ಕೆ ಬಂದಿವ್ನಿ, ಗೌಡ್ರೇ. ತೋಡಾಕಲ್ಲ."

ಜಯಪ್ರಕಾಶ್ ಅದೇ ಗುದ್ದಲಿ ಎತ್ತಿಕೊಂಡು ಕಾವಿನಿಂದ ದವಡೆಗೆ ಬಾರಿಸಿದ. ಎರಡು ಹಲ್ಲು ರಕ್ತದ ಜೊತೆ ಹಾರದ ಮೇಲೆ ಬಿದ್ದವು. ಕೆಳಗೆ ಬಿದ್ದವನನ್ನು ನಾಲ್ಕು ಜನ ಸುತ್ತುಗಟ್ಟಿ ಒದ್ದರು, ಅವನ ಚಪ್ಪಲಿ ಕಿತ್ತು ಅವನ ಮುಖಕ್ಕೇ ಹೊಡೆದರು. ಪಕ್ಕೆಲುಬು ಲಟಕ್ಕೆಂದಿತು. ಹೆಣದ ಸುತ್ತ ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ಒಬ್ಬರಾದರೂ ಬೇಡ ಅಂದರೇ? ಥೂ ಅವರ ಜನ್ಮಕ್ಕೆ!

ಜಯಪ್ರಕಾಶ್ ಗುದ್ದಲಿಯನ್ನು ಮತ್ತೆ ಅವನ ಮುಂದೆ ಎಸೆದ. "ಇಡೀಲಾ! ಇಲ್ದಿದ್ರೆ ನಿನ್ ಮಗಳ್ನ ಎಳ್ಕಬಂದು ತೋಡುಸ್ತೀನಿ."

ಪುಟ್ಟರಾಜು ಗುದ್ದಲಿ ಹಿಡಿದ. ಹಿಡಿದು, ಎದ್ದು, ಬೀಸಿಯೇ ಬಿಟ್ಟ. ಅದು ಜಯಪ್ರಕಾಶನ ಕಿವಿ ಸವರಿಕೊಂಡು ಹೋಗಿ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು.

"ಅವಳ ಎಸ್ರೆತ್ತುದ್ರೆ ನಿನ್ನೂ ಅದೇ ಗುಂಡೀಲಿ ಮುಚ್ಬುಡ್ತೀನಿ!"

ಕಿವಿಯಿಂದ ರಕ್ತ ಸುರಿಯುತ್ತಿದ್ದ ಜಯಪ್ರಕಾಶ್ ಗೋಡೆಗೆ ಒರಗಿದ. ಮತ್ತೆ ಯಾರೂ ಪುಟ್ಟರಾಜುವಿನ ಮೈ ಮುಟ್ಟಲಿಲ್ಲ.

ಅವನಿಗೆ ಬಿದ್ದ ಏಟಿನ ಸುದ್ದಿ ಕೇಳಿ ಅವನ ಕೇರಿಯಿಂದ ಬೇರೆ ಒಬ್ಬನೂ ಗುಂಡಿ ತೋಡಲು ಬರಲಿಲ್ಲ. ಜೆಸಿಬಿ ತರಿಸೋಣವೆಂದರೆ ಹೂಳುವ ಜಾಗಕ್ಕೆ ಅದು ನೀರು ನಿಂತ ಗದ್ದೆ ದಾಟುವಂತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೆಣ ಊದತೊಡಗಿತು. ಕೊನೆಗೆ ಜಯಪ್ರಕಾಶನೇ ಕಿವಿಗೆ ಬಟ್ಟೆ ಸುತ್ತಿ, ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದ.

ಕಾಲೇಜಿನಿಂದ ಓಡಿಬಂದ ನಯನ, ಗುಂಡಿಯ ಬಳಿಗೇ ಬಂದು ನಿಂತಿದ್ದ ಅಪ್ಪನ ತೋಳು ಹಿಡಿದಳು. "ಆಸ್ಪತ್ರೆಗೆ ಓಗಣ ನಡಿಯಪ್ಪ."

"ತಾಳವ್ವ. ಇನ್ನೂ ಮೊಣಕಾಲುದ್ದ ಆಗಿಲ್ಲ. ಮುಗಿಯಗಂಟ ನೋಡ್ಬೇಕು."

ಪಕ್ಕೆ ಒತ್ತಿ ಹಿಡಿದು ಅವನು ಬದುವಿನ ಮೇಲೆ ಕೂತ. ಗುಂಡಿಯೊಳಗಿಂದ ಜಯಪ್ರಕಾಶ್ ತಲೆಯೆತ್ತಿ ನಯನಳನ್ನು ದುರುಗುಟ್ಟಿ ನೋಡಿದ. ಅವಳು ಕಣ್ಣು ಕದಲಿಸಲಿಲ್ಲ. ಅವನೇ ತಲೆ ತಗ್ಗಿಸಿ ತೋಡತೊಡಗಿದ.