ಎಲುಬಿನ ಟೊಪ್ಪಿಗೆ

ಉಮರ್ಗಾದಿಂದ ಉದಗೀರಕ್ಕೆ ಹೋಗುವ ದಾರಿ ನನಗೆ ಬಾಯಿಪಾಠ. ಎಲ್ಲಿ ಗುಡಿ ಇದೆ, ಎಲ್ಲಿ ಕೆರೆ ಇದೆ ಎಂದಲ್ಲ. ಎಲ್ಲಿ ಪಾಯಖಾನೆ ಇದೆ, ಎಲ್ಲಿ ಕದ ಇದೆ ಆದರೆ ಚಿಲಕ ಇಲ್ಲ, ಎಲ್ಲಿ ಚಿಲಕವೂ ಇದೆ ಆದರೆ ನೀರಿಲ್ಲ ಎಂಬುದು. ನಿಲಂಗಾದಲ್ಲಿ ಬಸ್ಸು ಬದಲಿಸಬೇಕು. ಉಳಿದವರು ಇಳಿದು ಚಹಾ ಕುಡಿಯುತ್ತಾರೆ, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತೇನೆ. ಉದಗೀರದ ಕೋಟೆ ನೋಡಲು ದೂರದೂರದಿಂದ ಜನ ಬರುತ್ತಾರಂತೆ. ಇಷ್ಟು ವರ್ಷ ಆ ಊರಿಗೆ ಹೋಗಿ ಬಂದರೂ ನಾನು ಅದರೊಳಗೆ ಕಾಲಿಟ್ಟಿಲ್ಲ. ಅಷ್ಟು ದೊಡ್ಡ ಕೋಟೆಯ ನಡುವೆ ಅವಸರವಾದರೆ ಎಲ್ಲಿಗೆ ಓಡಲಿ?

ನನಗಿರುವುದು ದೊಡ್ಡ ಕರುಳಿನ ಹುಣ್ಣು. ಚೀಟಿಯ ಮೇಲೆ ಡಾಕ್ಟರು ಅಲ್ಸರೇಟಿವ್ ಕೊಲೈಟಿಸ್ ಎಂದು ಬರೆಯುತ್ತಾರೆ. ಕರುಳಿನ ಒಳಗೋಡೆ ಕೆರಳಿ ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ, ಹೊಟ್ಟೆ ಪೂರ್ತಿ ಖಾಲಿಯಾದ ಮೇಲೂ ಇನ್ನೂ ಇದೆ, ಇನ್ನೂ ಇದೆ ಎಂದು ಕರೆಯುತ್ತಲೇ ಇರುತ್ತದೆ. ಬೇರುಸಹಿತ ಹೋಗುವ ಬೇನೆಯಲ್ಲ. ಔಷಧಿ ನಡೆದಷ್ಟು ದಿನ ಮಲಗಿರುತ್ತದೆ, ಬಿಟ್ಟರೆ ಎದ್ದು ಕೂರುತ್ತದೆ. ಕಾಲು ಮುರಿದರೆ ಪಟ್ಟಿ ಕಟ್ಟಿಸಿಕೊಂಡು ಊರಿಗೆಲ್ಲ ತೋರಿಸಬಹುದು. ಇದನ್ನು ಯಾರಿಗೆ ತೋರಿಸುತ್ತೀರಿ?

ನನ್ನ ತವರು ಬಸವಕಲ್ಯಾಣದ ಕಡೆ. ಗಡಿ ದಾಟಿ ಉಮರ್ಗಾ ಪಕ್ಕದ ತುರೋರಿಗೆ ಸೊಸೆಯಾಗಿ ಬಂದೆ. ಯಜಮಾನರು ಹೊಲ ನೋಡಿಕೊಳ್ಳುತ್ತಾರೆ, ನಾನು ಹೆದ್ದಾರಿಯ ಕಡೆಗಿರುವ ಕೋಣೆಯಲ್ಲಿ ಕುಪ್ಪಸ ಹೊಲಿಯುತ್ತೇನೆ. ಲಾರಿ ಹೋದಾಗಲೆಲ್ಲ ಮಿಷನ್ನಿನ ಮೇಲಿಟ್ಟ ಕತ್ತರಿ ನಡುಗುತ್ತದೆ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಅತ್ತೆ. ಅಡುಗೆಮನೆ ಅವರ ರಾಜ್ಯ. ನಸುಕಿನಲ್ಲಿ ಸ್ನಾನ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ, ಹಣೆತುಂಬ ವಿಭೂತಿ, ಆಮೇಲೆಯೇ ಒಲೆ. ಪಕ್ಕದ ಧಾಬಾದಲ್ಲಿ ಮೊಟ್ಟೆ ಬೇಯುತ್ತದೆ ಎಂದು ಅಲ್ಲಿ ನೀರು ಕೂಡ ಮುಟ್ಟುವವರಲ್ಲ. ಲಿಂಗ ಕಟ್ಟಿದವರಿಗೆ ಮೈಲಿಗೆ ಎಂಬುದೇ ಇಲ್ಲ ಎಂದು ಮಠದಲ್ಲಿ ಹೇಳುತ್ತಾರೆ. ಅತ್ತೆ ತಲೆದೂಗಿ ಕೇಳುತ್ತಾರೆ, ಮನೆಗೆ ಬಂದು ಮತ್ತೊಮ್ಮೆ ಸ್ನಾನ ಮಾಡುತ್ತಾರೆ.

ಬೇನೆ ಶುರುವಾದಾಗ ನಮ್ಮ ಓಣಿಯಲ್ಲಿ ಎಲ್ಲರೂ ವೈದ್ಯರಾದರು. ಒಬ್ಬಾಕೆ ಮೂಲವ್ಯಾಧಿ ಎಂದಳು, ಇನ್ನೊಬ್ಬಾಕೆ ಆಮಶಂಕೆ ಎಂದಳು, ಮೂರನೆಯಾಕೆ ಕಣ್ಣು ತಾಗಿದೆ ಎಂದಳು. ಗೋರಂಟಿ ಬೇರಿನ ಕಷಾಯ ಕುಡಿದೆ, ದಾಳಿಂಬೆ ಸಿಪ್ಪೆ ತಿಂದೆ. ಮೈಯಲ್ಲಿ ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಆಗ ಮಗನ ಮುಂದೆ ನಿಂತು ಜೋರು ಮಾಡಿದವರು ಅತ್ತೆಯೇ.

"ಹೊಲದ ಕೆಲ್ಸ ಹಿಂದಾದರ ಆಗ್ಲಿ. ಪೈಲೆ ಈಕಿನ್ನ ಉದಗೀರಕ್ಕ ಕರ್ಕೊಂಡು ಹೋಗು. ಮಾರಿ ನೋಡು ಹ್ಯಾಂಗ ಸುಣ್ಣಾಗ್ಯಾದ."

ಉದಗೀರಕ್ಕೆ ವಾರಕ್ಕೊಮ್ಮೆ ಹೊಟ್ಟೆಯ ಡಾಕ್ಟರೊಬ್ಬರು ಬರುತ್ತಾರೆ. ಅವರು ಕರುಳಿನೊಳಗೆ ದುರ್ಬೀನಿನ ನಳಿಗೆ ಹಾಕಿ ನೋಡಿ ಬೇನೆಯ ಹೆಸರು ಹೇಳಿದರು. ಮೊದಲು ಮಾತ್ರೆ ಕೊಟ್ಟರು, ಅದು ನನ್ನ ಮೇಲೆ ಕೆಲಸ ಮಾಡಲಿಲ್ಲ. ಆಮೇಲೆ ಉದ್ದನೆಯ ಟೊಪ್ಪಿಗೆ ಗುಳಿಗೆ ಕೊಟ್ಟರು, ಕ್ಯಾಪ್ಸೂಲು. ಅದು ಹಿಡಿಯಿತು. ರಕ್ತ ನಿಂತಿತು, ತಿಂದದ್ದು ಮೈಗೆ ಹತ್ತಿತು. ಬೆಳಿಗ್ಗೆ ಸಂಜೆ ಊಟಕ್ಕೆ ಕೂತಾಗ ಗುಳಿಗೆ ನುಂಗುವುದು, ಅತ್ತೆ ನನಗಾಗಿ ಖಾರವಿಲ್ಲದೆ ಬೇರೆ ತೆಗೆದಿಟ್ಟ ಬೇಳೆಕಟ್ಟಿನಲ್ಲಿ ಅನ್ನ ಕಲಸಿ ಉಣ್ಣುವುದು, ಹೊಲಿಯುವುದು. ಒಂದಿಡೀ ವರ್ಷ ಹೀಗೆ ಸುಖವಾಗಿದ್ದೆ. ಆರೋಗ್ಯ ಇದ್ದಾಗ ಅದರ ನೆನಪೇ ಇರುವುದಿಲ್ಲ ನೋಡಿ, ಅದೇ ಅದರ ಸುಖ.

ಆ ವರ್ಷ ಕಳೆದ ಮೇಲೆ ಶ್ರಾವಣದಲ್ಲಿ ದೂರದ ನೆಂಟರೊಬ್ಬರು ಊಟಕ್ಕೆ ಬಂದರು. ಅವರದು ಮೆಡಿಕಲ್ ಅಂಗಡಿ. ನನ್ನ ಗುಳಿಗೆಯ ಪಟ್ಟಿಯನ್ನು ಎತ್ತಿ, ತಿರುಗಿಸಿ ನೋಡಿ, ಗೊತ್ತಿದ್ದದ್ದನ್ನು ಹೇಳದೆ ಇರಲಾರದ ಜನರಲ್ಲವೇ, ಹೇಳಿಯೇಬಿಟ್ಟರು.

"ಅಕ್ಕಾ, ಇದರ ಮ್ಯಾಲಿನ ಟೊಪ್ಪಗಿ ಎಲಬಿಂದು ಇರ್ತದ, ಗೊತ್ತದೇನು? ದನದ ಎಲಬು ಕುದಸಿ ಮಾಡ್ತಾರ."

ಅತ್ತೆಯ ಕೈಯಲ್ಲಿದ್ದ ಹೋಳಿಗೆ ತುಪ್ಪದ ಬಟ್ಟಲಲ್ಲೇ ನಿಂತಿತು. ನಾನೂ ಸುಳ್ಳು ಹೇಳುವುದಿಲ್ಲ, ನನಗೂ ಹೇಸಿಗೆಯಾಯಿತು. ನನ್ನ ಕೊರಳಲ್ಲೂ ಲಿಂಗವಿದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನು ಕೂಡ ಮುಟ್ಟದ ಬಾಯಿ ಇದು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಕೂತೆ.

ದಾರಿ ಹುಡುಕಿದವರು ಅತ್ತೆ. ಟೊಪ್ಪಿಗೆ ಬಿಚ್ಚಿ ಒಳಗಿನ ಔಷಧಿಯನ್ನಷ್ಟೇ ಕೊಟ್ಟರಾಯಿತಲ್ಲ! ಹಣ್ಣಿನ ಸಿಪ್ಪೆ ತೆಗೆದು ತಿನ್ನುವುದಿಲ್ಲವೇ? ನಾನೇ ಬಿಚ್ಚಿಕೊಳ್ಳುತ್ತೇನೆ ಎಂದರೆ ಬಿಡಲಿಲ್ಲ.

"ನೀ ಮುಟ್ಟಬ್ಯಾಡ. ನಾ ಮಾಡ್ತೀನಿ. ಪಾಪ ಬಂದರ ನನಗ ಬರ್ಲಿ, ಗುಣ ಬಂದರ ನಿನಗ ಬರ್ಲಿ."

ಅಂದಿನಿಂದ ಅದೊಂದು ವ್ರತವೇ ಆಯಿತು. ಹಿತ್ತಲಲ್ಲಿ ಬಚ್ಚಲ ಕಲ್ಲಿನ ಪಕ್ಕ ಕೂತು, ಔಡಲ ಎಲೆಯಲ್ಲಿ ಗುಳಿಗೆ ಹಿಡಿದು ಬಿಚ್ಚುತ್ತಿದ್ದರು. ಟೊಪ್ಪಿಗೆ ಬೇಲಿಯಾಚೆ. ಒಳಗಿನ ಕಾಳುಗಳನ್ನು ಸಣ್ಣ ಕಲ್ಲಿನಲ್ಲಿ ನುಣ್ಣಗೆ ಕುಟ್ಟಿ, ಬಟ್ಟಲಿಗೆ ಹಾಕಿ, ಮುಚ್ಚಿಡುತ್ತಿದ್ದರು. ಎಲುಬು ಮುಟ್ಟಿದ ಮೈ ಅಡುಗೆಮನೆಗೆ ಹೋಗುವುದು ಹೇಗೆ? ಮತ್ತೆ ಸ್ನಾನ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಇರಲಿ ಥಂಡಿ ಇರಲಿ. ಮೊಣಕಾಲು ನೋವಿನ ಅತ್ತೆ ಒದ್ದೆ ಸೀರೆಯಲ್ಲಿ ನಡುಗುತ್ತ ಬಂದು, ಸೀರೆ ಬದಲಿಸಿ, ಪುಡಿಯನ್ನು ಮೊಸರಲ್ಲಿ ಕಲಸಿ ನನ್ನ ಕೈಗೆ ಕೊಡುತ್ತಿದ್ದರು. ಹೆತ್ತ ತಾಯಿ ಕೂಡ ನನಗೆ ಇಷ್ಟು ಮಾಡಿರಲಿಲ್ಲ.

ಆದರೆ ದೀಪಾವಳಿ ಹತ್ತಿರ ಬಂದಂತೆ ಹೊಟ್ಟೆಯಲ್ಲಿ ಹಳೆಯ ಸದ್ದು ಶುರುವಾಯಿತು. ಹಬ್ಬದ ಕುಪ್ಪಸಗಳ ರಾಶಿ ಎದುರಿಗಿತ್ತು. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಎದ್ದೆದ್ದು ಓಡಬೇಕು. ಹೋಗಿ ಬಂದು ಕೂತರೆ ಯಾವ ತೋಳು ಹೊಲಿದೆ ಎಂಬುದೇ ಮರೆತುಹೋಗುತ್ತಿತ್ತು. ಒಬ್ಬ ಮದುಮಗಳ ಕುಪ್ಪಸಕ್ಕೆ ಎರಡೂ ಎಡದ ತೋಳನ್ನೇ ಹಚ್ಚಿ ಕಳಿಸಿ, ಅವಳ ತಾಯಿಯಿಂದ ಛೀಮಾರಿ ಹಾಕಿಸಿಕೊಂಡೆ. ರಕ್ತ ಮತ್ತೆ ಕಾಣಿಸಿತು. ಅತ್ತೆಗೆ ಹೇಳಿದೆ. ಅವರು ಕುಟ್ಟುವ ಕಲ್ಲನ್ನೇ ಬೆಳಕಿಗೆ ಹಿಡಿದು ನೋಡಿದರು.

"ಪುಡಿ ಸಣ್ಣಗ ಆಗಿಲ್ಲ ಕಾಣ್ತದ" ಎಂದರು. ಮರುದಿನದಿಂದ ಕುಟ್ಟಿದ್ದನ್ನು ಸೀರೆಯ ತುಂಡಿನಲ್ಲಿ ಸೋಸತೊಡಗಿದರು.

ಹಬ್ಬ ಮುಗಿದ ಮೇಲೆ ಯಜಮಾನರು ನನ್ನನ್ನು ಉದಗೀರಕ್ಕೆ ಕರೆದೊಯ್ದರು. ಡಾಕ್ಟರು ಮರಾಠಿಯಲ್ಲಿ ಎಲ್ಲ ಕೇಳಿದರು. ಏನು ಉಣ್ಣುತ್ತೀರಿ, ಎಷ್ಟು ನಿದ್ದೆ, ಔಷಧಿ ತಪ್ಪಿಸಿದ್ದೀರಾ? ಒಂದು ಹೊತ್ತೂ ತಪ್ಪಿಸಿಲ್ಲ ಎಂದೆ. ಕೊನೆಗೆ, "ಗೋಳ್ಯಾ ಕಶಾ ಘೇತಾ?" ಎಂದರು. ಗುಳಿಗೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು. ನಾನು ಹೆಮ್ಮೆಯಿಂದಲೇ ಹೇಳಿದೆ, ನಮ್ಮ ಅತ್ತೆ ಟೊಪ್ಪಿಗೆ ಬಿಚ್ಚಿ, ಕುಟ್ಟಿ, ಸೋಸಿ, ಮೊಸರಲ್ಲಿ ಕೊಡುತ್ತಾರೆ.

ಡಾಕ್ಟರು ಪೆನ್ನು ಕೆಳಗಿಟ್ಟರು.

ಆ ಟೊಪ್ಪಿಗೆ ಬರೀ ಹೊದಿಕೆಯಲ್ಲವಂತೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ. ಔಷಧಿಯನ್ನು ಜೋಪಾನವಾಗಿ ಹೊತ್ತುಕೊಂಡು ಹೋಗಿ, ಕೆಳಗೆ ಹುಣ್ಣಿರುವ ಕಡೆ ಮುಟ್ಟಿದ ಮೇಲೆಯೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿ ಕುಟ್ಟಿದರೆ ಔಷಧಿ ದಾರಿಯಲ್ಲೇ ಕರಗಿ ಹೋಗುತ್ತದೆ, ಹುಣ್ಣಿನ ತನಕ ಹೋಗುವುದೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು. ಮತ್ತೆ ದುರ್ಬೀನು ಹಾಕಿ ನೋಡಿ, ಹುಣ್ಣು ಈಗ ಮೊದಲಿಗಿಂತ ಮೇಲಕ್ಕೆ ಹಬ್ಬಿದೆ ಎಂದರು. ಕೆಲವು ವಾರಕ್ಕೆ ಬೇರೆ ಜೋರಿನ ಔಷಧಿಯನ್ನೂ ಬರೆದುಕೊಟ್ಟು, ಈ ಗುಳಿಗೆಯನ್ನು ಇಡಿಯಾಗಿಯೇ ನುಂಗಬೇಕು, ಇಲ್ಲವಾದರೆ ಮುಂದೆ ದೊಡ್ಡ ಕರುಳನ್ನೇ ತೆಗೆಯುವ ಮಾತು ಬರುತ್ತದೆ ಎಂದರು.

ನಿಲಂಗಾ ಬರುವ ತನಕ ನಾನು ಕುದಿಯುತ್ತಿದ್ದೆ. ಮೊದಲೇ ಕೇಳಿದ್ದರೆ ಡಾಕ್ಟರೇ ಹೇಳುತ್ತಿರಲಿಲ್ಲವೇ? ಆ ನೆಂಟರ ನಾಲಿಗೆ ಬಿದ್ದುಹೋಗಲಿ! ಅತ್ತೆಯ ಮೇಲೂ ಸಿಟ್ಟು ಬಂತು. ನನ್ನ ಕರುಳಿಗಿಂತ ಅವರ ಒಲೆ ದೊಡ್ಡದೇ? ಆಮೇಲೆ ಆ ಒದ್ದೆ ಸೀರೆ ನೆನಪಾಗಿ ಸಿಟ್ಟು ಎಲ್ಲಿ ಇಡಬೇಕೋ ತಿಳಿಯದೆ ಬಸ್ಸಿನಲ್ಲೇ ಅತ್ತುಬಿಟ್ಟೆ.

"ಅವ್ವಗ ಹೇಳಬ್ಯಾಡ" ಎಂದರು ಯಜಮಾನರು ಮೆಲ್ಲಗೆ. "ಮಿಷನಿನ ಖಾನ್ಯಾಗ ಇಟ್ಕೋ. ಕದ್ದು ನುಂಗು."

ಖಾನೆಯಲ್ಲಿ ದಾರದ ಉಂಡೆಗಳ ಕೆಳಗೆ ಗುಳಿಗೆ ಬಚ್ಚಿಟ್ಟೆ. ಆದರೆ ಅತ್ತೆಯ ವ್ರತ ತಪ್ಪಬೇಕಲ್ಲ. ಸಂಜೆಯಾಗುತ್ತಲೇ ಔಡಲ ಎಲೆ ಹಿಡಿದು ಬಂದು ಕೋಣೆಯ ಬಾಗಿಲಲ್ಲಿ ನಿಂತರು.

"ಗುಳಗಿ ಕೊಡವಾ. ಹೊತ್ತಾಯ್ತು."

ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಕರುಳು ತೆಗೆಯುವ ಮಾತನ್ನೂ ಹೇಳಿದೆ. ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು. ಕೈಯಲ್ಲಿದ್ದ ಎಲೆಯನ್ನು ಮಡಿಸುತ್ತ, ಬಿಚ್ಚುತ್ತ ಕೇಳಿದರು.

"ಹಂಗಾದರ ಇಷ್ಟ ದಿನ ನಾ ನಿನಗ ಕೊಟ್ಟಿದ್ದು ಬರೇ ಮೊಸರು?"

ಅವತ್ತು ಅವರು ಉಣ್ಣಲಿಲ್ಲ. ಕುಟ್ಟುವ ಕಲ್ಲನ್ನು ತೊಳೆದು ಹಿತ್ತಲಲ್ಲಿ ಬೋರಲು ಹಾಕಿದರು. ಮರುದಿನ ನನ್ನ ಮುಖ ನೋಡದೆ ಹೇಳಿದರು, "ನುಂಗು. ನಾ ಬ್ಯಾಡ ಅನ್ನಂಗಿಲ್ಲ. ಆದರ ಅಡಗಿ ಮನ್ಯಾಗ ತರಬ್ಯಾಡ. ಅಷ್ಟ ಕೇಳ್ತೀನಿ."

ಊಟದ ಜೊತೆಗೇ ನುಂಗುವ ಗುಳಿಗೆ ಅದು. ಹಾಗಾಗಿ ನನ್ನ ತಟ್ಟೆ ಮಿಷನ್ನಿನ ಕೋಣೆಗೆ ಬಂತು. ಅತ್ತೆ ಬೇಳೆಕಟ್ಟು ಬಡಿಸಿ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಬೈಗುಳವಿಲ್ಲ, ಮುನಿಸಿಲ್ಲ, ಮೊದಲಿನ ಹಾಗೆ ಖಾರವಿಲ್ಲದ ಅಡುಗೆ. ಆದರೆ ಮಾತಿಲ್ಲ. ಚೂರು ಬಟ್ಟೆಗಳ ನಡುವೆ ಒಬ್ಬಳೇ ಕೂತು ಉಣ್ಣುವಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹೊಟ್ಟೆ ದಿನದಿನಕ್ಕೆ ಸುಧಾರಿಸುತ್ತಿತ್ತು, ಆದರೆ ಊಟ ಸೇರುತ್ತಿರಲಿಲ್ಲ. ಒಂದೊಂದು ಸಲ ಅನ್ನಿಸುತ್ತಿತ್ತು, ಗುಳಿಗೆ ಬಿಟ್ಟುಬಿಡಲೇ? ಅತ್ತೆಯ ಪಕ್ಕ ಒಲೆಯ ಬಿಸಿಗೆ ಕೂತು ಉಣ್ಣುವ ಆಸೆ ಅಷ್ಟಿತ್ತು.

ಗಿಡಮರದಿಂದ ಮಾಡಿದ ಟೊಪ್ಪಿಗೆಯೂ ಸಿಗುತ್ತದೆ ಎಂದು ಯಾರೋ ಹೇಳಿದರು. ಯಜಮಾನರು ಉಮರ್ಗಾ, ನಿಲಂಗಾ, ಉದಗೀರ, ಮೂರೂ ಊರಿನ ಮೆಡಿಕಲ್ ಅಂಗಡಿಗಳನ್ನು ಸುತ್ತಿ ಬಂದರು. ಬೇರೆ ಔಷಧಿಗೆ ಇತ್ತು, ನನ್ನದಕ್ಕೆ ಇರಲಿಲ್ಲ. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಅವರು ತಾಯಿಗೆ ಅದನ್ನು ಹೇಳಿದ್ದು ನನಗೆ ಕೋಣೆಯೊಳಗೆ ಕೇಳಿಸಿತು. ಅತ್ತೆ "ಹೂಂ" ಎಂದರು, ಅಷ್ಟೆ.

ಹೀಗೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅವತ್ತು ಊರುಗಳು ಖಾಲಿ. ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ತೋರಿಸಿ, ಬೆಳೆಯ ಸುತ್ತ ಆ ಎಡೆಯನ್ನೇ ಚರಗವೆಂದು ಚೆಲ್ಲಿ, ಅಲ್ಲೇ ಉಣ್ಣುತ್ತಾರೆ. ಆ ಎಡೆಯ ಅಡುಗೆಗೆ ಅತ್ತೆ ವರ್ಷದಲ್ಲಿ ಉಳಿದ ಯಾವ ದಿನಕ್ಕಿಂತಲೂ ಹೆಚ್ಚು ಮಡಿ. ನಸುಕಿನಲ್ಲೇ ಅವರ ಸ್ನಾನ, ಪೂಜೆ ಮುಗಿದಿತ್ತು. ಸಜ್ಜೆಯ ಹಿಟ್ಟು ನಾದಿಟ್ಟಿದ್ದರು, ಅಂಬಲಿಯ ಗಡಿಗೆಗೆ ಸುಣ್ಣದ ಪಟ್ಟೆ ಬರೆದಿದ್ದರು. ನಾನು ಕೋಣೆಯಲ್ಲಿ ಹಾಸಿಗೆ ಮಡಿಸುತ್ತಿದ್ದೆ. ಅತ್ತೆ ಒಳಗೆ ಬಂದರು. ನೇರ ಮಿಷನ್ನಿನ ಖಾನೆ ಎಳೆದು, ದಾರದ ಉಂಡೆಗಳನ್ನು ಸರಿಸಿ, ಗುಳಿಗೆಯ ಪಟ್ಟಿ ತೆಗೆದುಕೊಂಡರು. ಹಬ್ಬದ ದಿನ ಇದು ಮನೆಯಲ್ಲೇ ಬೇಡವೆಂದು ಬೇಲಿಯಾಚೆ ಎಸೆಯುತ್ತಾರೆ ಎಂದುಕೊಂಡೆ.

"ಬಾ ಇಲ್ಲಿ" ಎಂದು ಮುಂದೆ ಹೋದರು.

ಹಿಂದೆಯೇ ಹೋದೆ. ಹಿತ್ತಲಿಗಲ್ಲ, ಅಡುಗೆಮನೆಗೆ ಹೋದರು. ಒಲೆಯ ಪಕ್ಕದ ಮಣೆ ಎಳೆದು ನನ್ನನ್ನು ಕೂರಿಸಿ, ಒಂದು ಬಟ್ಟಲು ಬಿಸಿ ಗಂಜಿ ಮುಂದಿಟ್ಟರು. ಎಡೆ ತೋರಿಸುವ ಮೊದಲು ಆ ದಿನ ಯಾರಿಗೂ ಏನೂ ಕೊಡದವರು. ಔಡಲ ಎಲೆ ಇರಲಿಲ್ಲ. ಬರಿಗೈಯಿಂದ ಪಟ್ಟಿ ಒತ್ತಿ, ಗುಳಿಗೆಯನ್ನು ತಮ್ಮ ಬಲ ಅಂಗೈಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಮುಂಚೆ ಲಿಂಗವನ್ನಿಟ್ಟು ಪೂಜಿಸಿದ ಅಂಗೈ ಅದು, ಬೆರಳುಗಳ ನಡುವೆ ವಿಭೂತಿ ಇನ್ನೂ ಇತ್ತು. ನನ್ನ ಮುಂದೆ ಚಾಚಿದರು.

"ನುಂಗವಾ. ಕಡೀಬ್ಯಾಡ."

ಅವರ ಅಂಗೈಯಿಂದ ಎತ್ತಿಕೊಂಡು ನುಂಗಿದೆ. ಕಣ್ಣು ತುಂಬಿ ಗಂಜಿಯ ಬಟ್ಟಲು ಮಸುಕಾಯಿತು. ಅತ್ತೆ ಎದ್ದು ಹಿತ್ತಲ ಬಾಗಿಲ ತನಕ ಹೋದರು. ಬಚ್ಚಲಲ್ಲಿ ತಂಬಿಗೆಯ ಸದ್ದು ಈಗ ಕೇಳುತ್ತದೆ, ಈಗ ಕೇಳುತ್ತದೆ ಎಂದು ನಾನು ತಲೆ ತಗ್ಗಿಸಿ ಕಾದೆ. ಅವರು ಖಾಲಿ ಪಟ್ಟಿಯ ಚೂರನ್ನು ಹೊರಗೆ ಹಾಕಿ, ಬಾಗಿಲು ಮುಚ್ಚಿ, ಒಳಗೆ ಬಂದರು. ಹಾಗೆಯೇ ಒಲೆಯ ಮುಂದೆ ಕೂತು, ಅದೇ ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಂಡು, ಭೂಮಿತಾಯಿಯ ಎಡೆಗೆ ರೊಟ್ಟಿ ಬಡಿಯತೊಡಗಿದರು.