ಹಳದಿ ಬಿರಡೆಯ ಜೊತೆಯದು

ನನ್ನ ತಂದೆ ಬಿಟ್ಟುಹೋದ ಕಾರು ಇಂಗ್ಲೆಂಡಿನದು. ಇಬ್ಬರೇ ಕೂರಬಹುದಾದ ಓಪನ್ ಸ್ಪೋರ್ಟ್ಸ್ ಕಾರು. ಕಳೆದ ವರ್ಷ ರಾಮನಗರದ ಷೆಡ್ಡೊಂದರಲ್ಲಿ ಅದರ ಎಂಜಿನ್ ಬಿಚ್ಚಿಸಿದೆ. ಒಳಗೆ ತಿರುಗುವ ಮುಖ್ಯ ದಂಡ, ಕ್ರ್ಯಾಂಕ್ ಶಾಫ್ಟ್, ಈಗಾಗಲೇ ಹಲವು ಸಲ ಸಾಣೆ ಕಂಡು ಸವೆದಿತ್ತು.

"ಇದೇ ಲಾಸ್ಟು ಅಮ್ಮೋರೆ," ಎಂದ ಮೇಸ್ತ್ರಿ. "ಇನ್ನೊಂದ್ ಕಿತ ಗೀರು ಬಿತ್ತೋ, ಗುಜರಿಗೆ ಹಾಕದೇಯ."

ಅಂದಿನಿಂದ ದಿನಾ ಷೆಡ್ಡಿಗೆ ಹೋಗಿ ಕೂರತೊಡಗಿದೆ.

ಶಾಫ್ಟಿಗೆ ಹೊಸ ಬೇರಿಂಗುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವವರೆಗೆ ಎಂಜಿನ್ನಿನ ಎಣ್ಣೆ ಹರಿಯುವ ತೂತುಗಳಿಗೆ ಹೈವೇ ಧೂಳು ಹೋಗಬಾರದಲ್ಲ? ಮೇಸ್ತ್ರಿ ಬಟ್ಟೆ ತುರುಕಲು ಹೊರಟ. ನೂಲು ಒಳಗೇ ಉಳಿದರೆ ಎಂದು ನನಗೆ ದಿಗಿಲು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಪರಿಚಯದವರೊಬ್ಬರಿಂದ ಪುಟ್ಟ ಮರದ ಬಿರಡೆಗಳನ್ನು ಮಾಡಿಸಿ ತಂದೆ. ಕಣ್ಣಿಗೆ ಹೊಡೆಯಲಿ ಎಂದು ಅವರು ಕೆಂಪು, ಹಸಿರು, ಹಳದಿ ಅರಗು ಹಚ್ಚಿದ್ದರು, ಥೇಟ್ ಪೆಪ್ಪರ್‌ಮಿಂಟಿನಂತೆ. ಪ್ರತಿ ಬಣ್ಣದಲ್ಲೂ ಜೋಡಿ.

"ಗಂಡ ಹೆಂಡ್ತಿ ಬೊಂಬೆ ಮಾಡೋ ಕೈ ತಾಯಿ, ಒಂಟಿ ಮಾಡಕ್ಕೆ ಮನ್ಸು ಬರಾಕಿಲ್ಲ," ಎಂದು ನಕ್ಕಿದ್ದರು.

ಎಂಜಿನ್ ಜೋಡಿಸುವಾಗ ಮೇಸ್ತ್ರಿ ತೆಗೆದುಕೊಟ್ಟ ಬಿರಡೆಗಳನ್ನು ನಾನೇ ಬಿಸ್ಕತ್ ಡಬ್ಬಿಗೆ ಹಾಕಿಕೊಂಡೆ. ಎಲ್ಲ ಮುಗಿದ ಮೇಲೆ, ಹತ್ತಿಕೊಳ್ಳದಂತೆ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಎಂಜಿನ್ನನ್ನು ಬರಿದೇ ತಿರುಗಿಸಿದೆವು. ಎಣ್ಣೆ ಮೇಲೇರಿದರೆ ಡ್ಯಾಷ್‌ಬೋರ್ಡಿನಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಏಳಬೇಕು. ಏಳಲಿಲ್ಲ.

"ಹೊಸಾ ಕೆಲ್ಸ, ಒಸಿ ಲೇಟಾಯ್ತದೆ. ಪ್ಲಗ್ ಹಾಕ್ತೀನಿ, ಸ್ಟಾರ್ಟ್ ಮಾಡ್ಬುಡಿ. ಓಡ್ತಾ ಓಡ್ತಾ ಎತ್ಕತದೆ."

ಸೀಟಿನಲ್ಲಿ ಕುಳಿತ ನನ್ನ ಕೈ ಕೀಲಿಯ ಮೇಲಿತ್ತು. ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ರೂಮಿನ ಹೊರಗೆ ನಿಂತಾಗ ಹೀಗೇ ಅಂಗೈ ಬೆವರುತ್ತಿತ್ತು. ಎಣ್ಣೆಯಿಲ್ಲದೆ ಓಡಿದರೆ ಅಪ್ಪನ ಕಾರು ಅಲ್ಲಿಗೆ ಫಿನಿಶ್. ಏನೋ ನೆಪ ಬೇಕಾಗಿ ಡಬ್ಬಿ ತೆರೆದೆ. ಕೆಂಪು ಎರಡು, ಹಸಿರು ಎರಡು. ಹಳದಿ ಒಂದೇ.

"ಎಲ್ಲೋ ಬಿದ್ದೋಗಿರ್ತದೆ ಬುಡಿ," ಎಂದ ಮೇಸ್ತ್ರಿ. "ನಾನೇನ್ ಮರ ಒಳಗ್ ಬುಟ್ಟು ಮುಚ್ತೀನಾ?"

"ಬಿಚ್ಚಿ ನೋಡಪ್ಪ."

"ನಿಮ್ಗೆ ಭಯ ಜಾಸ್ತಿ ಅಮ್ಮೋರೆ. ನಮ್ಮತ್ತೆ ಇಂಗೇಯ, ಗ್ಯಾಸ್ ಆಫ್ ಮಾಡಿದ್ನಾ ಅಂತ ಅರ್ಧ ದಾರೀಲಿ ಬಸ್ ಇಳೀತಾರೆ."

"ನಾನೂ ಇಳಿಯುವವಳೇ. ಬಿಚ್ಚು, ಪ್ಲೀಸ್."

ಗೊಣಗುತ್ತ ಎಣ್ಣೆ ಪೈಪನ್ನು ಬಿಚ್ಚಿದ. ಟಾರ್ಚ್ ಹಿಡಿದು ಇಣುಕಿದ. ಮೊಳೆ ತಿವಿದು ಎಳೆದ. ಹಳದಿ ಬಿರಡೆ ಹೊರಬಂತು, ಬಣ್ಣ ಕಿಂಚಿತ್ತೂ ಮಾಸಿರಲಿಲ್ಲ. ಅದನ್ನು ಡಬ್ಬಿಯಲ್ಲಿ ಅದರ ಜೊತೆಯದರ ಪಕ್ಕ ಇಟ್ಟೆ.

"ನಮ್ಮತ್ತೆಗೆ ಏಳ್ಬ್ಯಾಡಿ," ಎಂದ.

ಪೈಪು ಜೋಡಿಸಿ ಮತ್ತೆ ತಿರುಗಿಸಿದಾಗ ಮುಳ್ಳು ಅದುರಿತು, ಎದ್ದಿತು. ಪ್ಲಗ್ ಹಾಕಿದ, ಎಂಜಿನ್ ಅಪ್ಪನ ಕಾಲದ ಅದೇ ಗಡಸು ದನಿಯಲ್ಲಿ ಹತ್ತಿಕೊಂಡಿತು.

ಈಗ ಬೆಳಗಿನ ಹೊತ್ತು ಮಾಗಡಿ ಕಡೆಗೆ ಕಾರು ತೆಗೆದುಕೊಂಡು ಹೋಗುತ್ತೇನೆ. ಬೆಟ್ಟಗಳು ಚೆನ್ನಾಗಿ ಕಾಣುತ್ತವಂತೆ. ನಾನು ನೋಡುವುದು ರಸ್ತೆ ಮತ್ತು ಆ ಮುಳ್ಳು, ಅಷ್ಟೇ.