ಎರಡು ತಂಬಿಗೆಗಳ ನಡುವೆ

ಅಡುಗೆಮನೆಯ ಗೋಡೆಗೆ ಆರ್‌ಓ ಮಷಿನ್ ಕೂಡ್ರಿಸಲು ಬಂದವನು, "ಇನ್ನ ಚಿಂತಿ ಬಿಡ್ರಿ, ಎಲ್ಲಾ ತಗದ ಬಿಡತೈತ್ರಿ ಇದು" ಎಂದು ಮೊದಲ ಲೋಟವನ್ನು ನನ್ನ ಕೈಗಿತ್ತ. ಹೌದು, ಎಲ್ಲವನ್ನೂ ತೆಗೆದುಬಿಟ್ಟಿತ್ತು. ನಮ್ಮ ಮುದ್ದೇಬಿಹಾಳದ ಬೋರಿನ ನೀರಿಗೆ ಬಾಯಿ ಒಗರಾಗುವಂಥ ಗಡಸು ಇರುತ್ತದೆ, ನಳದ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ. ಇದಕ್ಕೆ ಏನೂ ಇರಲಿಲ್ಲ. ನಾಲಿಗೆಯ ಮೇಲೆ ಸಪ್ಪಗೆ ಕೂತ ಆ ಗುಟುಕಿಗೆ ತಂಗಡಗಿಯ ಕಾಕು ನೆನಪಾದರು...

ತಂಗಡಗಿ ನನ್ನ ತವರು, ಹೊಳೆದಂಡೆಯ ಊರು; ಅವರು ಅಲ್ಲಿ ನಮ್ಮ ಮಗ್ಗಲ ಮನೆಯವರು. ರಕ್ತಸಂಬಂಧವೇನೂ ಇಲ್ಲ, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಮನೆಯೊಳಗೆ ಮರಾಠಿ, ಹೊರಗೆ ನಮ್ಮಂಥದೇ ಕನ್ನಡ. ಊರೆಲ್ಲ ಹೊಳೆಯ ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುತ್ತಿದ್ದ ಕಾಲಕ್ಕೆ ಕಾಕು ಕುದಿಸದ ಹನಿ ನೀರನ್ನೂ ಯಾರಿಗೂ ಕೊಡುತ್ತಿರಲಿಲ್ಲ. "ಕಾಕೂನ ಮನ್ಯಾಗ ನೀರಿಗೂ ವಗ್ಗರಣಿ ಹಾಕ್ತಾರ" ಎಂದು ಓಣಿ ನಗುತ್ತಿತ್ತು. ಮಕ್ಕಳು ಮಾತ್ರ ಶಾಲೆ ಬಿಟ್ಟೊಡನೆ ಓಡುತ್ತಿದ್ದುದು ಅಲ್ಲಿಗೇ, ಯಾಕೆಂದರೆ ಕಾಕು ನೀರು ಕೊಡುವುದನ್ನು ನೋಡುವುದೇ ಒಂದು ಮೋಜು. ಒಂದು ತಂಬಿಗೆಯನ್ನು ತಲೆಮಟ ಎತ್ತಿ, ಇನ್ನೊಂದನ್ನು ಸೊಂಟದ ಹತ್ತಿರ ಇಳಿಸಿ, ಚಹಾ ಆರಿಸುವವರ ಹಾಗೆ ಒಂದರಿಂದ ಇನ್ನೊಂದಕ್ಕೆ ಸುರುವಿಯೇ ಸುರುವುತ್ತಿದ್ದರು.

"ಕುದಿಸಿದ್ರ ನೀರಾಗಿನ ಗಾಳಿ ಹೋಗತೈತಿ. ಹಿಂಗ ಸುರುವಿದ್ರ ತಿರುಗಿ ಬರತೈತಿ. ಈಗ ಕುಡಿ, ಸಪ್ಪಗ ಇರಂಗಿಲ್ಲ."

ನಿಜವಾಗಿಯೂ ಇರುತ್ತಿರಲಿಲ್ಲ. ತಾವು ಮಾತ್ರ ಸುರುವದ ನೀರನ್ನೇ ಕುಡಿದು ಮುಖ ಕಿವಿಚುತ್ತಿದ್ದರು.

ಕಾಲೇಜು ಸೇರಿದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ: "ಕಾಕು, ನೀವ್ಯಾಕ ಸುರುವಿಕೊಂಡ ಕುಡ್ಯಂಗಿಲ್ಲರಿ?"

ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು ಹೇಳಿದರು. ನಾನು ಹುಟ್ಟುವ ಮೊದಲು ಅವರಿಗೊಬ್ಬ ಮಗಳಿದ್ದಳು. ಒಂದು ಮಳೆಗಾಲ ಹೊಳೆಗೆ ಕೆಂಪು ನೀರು ಬಂದು ಊರಲ್ಲಿ ವಾಂತಿಭೇದಿ ಎದ್ದಿತು. ನರ್ಸಬಾಯಿ ಮನೆಮನೆಗೆ ಬಂದು, ನೀರು ಕುದಿಸಿ ಆರಿಸಿ ಕುಡಿಯಿರಿ ಎಂದು ಹೇಳಿ ಹೋದಳು. ಕಾಕು ಕುದಿಸಿದರು. ಮಗಳು ಬಾಯಿಗಿಟ್ಟು ಉಗುಳಿದಳು. ಸಪ್ಪಗಿದೆ, ಒಲ್ಲೆ ಎಂದು ಹಟ ಹಿಡಿದು, ತುಟಿ ಒಣಗಿದರೂ ಕುಡಿಯಲಿಲ್ಲ. ಸಂಜೆಯ ಹೊತ್ತಿಗೆ ತಾಯಿಯ ಜೀವ ತಡೆಯಲಿಲ್ಲ. ಹೊಳೆಯಿಂದ ತಂದಿಟ್ಟ ಕೊಡವನ್ನೇ ಬಗ್ಗಿಸಿ ಒಂದು ತಂಬಿಗೆ ಕೊಟ್ಟರು. ಗಟಗಟ ಕುಡಿದು ನಕ್ಕಳಂತೆ...

ಮುದ್ದೇಬಿಹಾಳದ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಅಳುತ್ತ ಕೂತಿದ್ದ ಕಾಕುವಿನಿಂದ ಎಲ್ಲ ಕೇಳಿಕೊಂಡ ಅಲ್ಲಿನ ಕಂಪೌಂಡರ್ ಸುಮ್ಮನಿರಲಾರದೆ ಅಂದನಂತೆ: "ಎರಡ ತಂಬಿಗ್ಯಾಗ ಮ್ಯಾಲಿಂದ ಕೆಳಗ ಸುರುವಿ ಕೊಟ್ಟಿದ್ರ ಕುಡೀತಿತ್ತವ್ವಾ ಕೂಸು."

"ಇಷ್ಟಽ ಇತ್ತ ನೋಡವಾ," ಎಂದರು ಕಾಕು. "ಇಷ್ಟಽ ನನಗ ಗೊತ್ತಿರಲಿಲ್ಲ. ಆಕಿ ಒಲ್ಲೆ ಅಂದ ನೀರು ಅದು. ನಾ ರುಚಿ ಮಾಡ್ಕೊಂಡ ಹೆಂಗ ಕುಡೀಲಿ?"

ಆ ಕಂಪೌಂಡರನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಅವನು ಹೇಳದೇ ಹೋಗಿದ್ದರೆ ಓಣಿಯ ಮಕ್ಕಳು ನಾವೆಲ್ಲ ಏನು ಕುಡಿಯುತ್ತಿದ್ದೆವೋ.

ಹೋದ ಬೇಸಿಗೆಯಲ್ಲಿ ಕಾಕು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ನೀರು ಬೇಕೆಂದರು. ಗೋಡೆಯ ಮಾಡದಲ್ಲಿ ಇನ್ನೂ ಇದ್ದ ಅದೇ ತಂಬಿಗೆಗಳನ್ನು ತೆಗೆದುಕೊಂಡು ಕುದಿಸಿ ಆರಿಸಿದ ನೀರನ್ನು ಸುರುವತೊಡಗಿದೆ. ಸಪ್ಪಳಕ್ಕೆ ಕಣ್ಣು ತೆರೆದರು.

"ಬ್ಯಾಡವಾ. ಹಂಗಽ ಕೊಡು."

ಕುದಿಸಿ ಆರಿಸಿಟ್ಟ ಕೊಡದಿಂದಲೇ ಬೇರೆ ನೀರು ಬಗ್ಗಿಸಿ ಹಾಗೆಯೇ ಕೊಟ್ಟೆ. ಸ್ವಲ್ಪ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಮಗ್ಗಲು ಹೊರಳಿದರು. ಆ ವಾರವೇ ಹೋಗಿಬಿಟ್ಟರು.

ಮಷಿನ್ ಕೂಡ್ರಿಸಿದವನು ಹೋದ ಮೇಲೆ ಎರಡು ತಂಬಿಗೆ ತೆಗೆದುಕೊಂಡು ಆ ಹೊಸ ನೀರನ್ನು ಸುರುವಿದೆ. ಕೈ ಸೋಲುವವರೆಗೆ ಸುರುವಿದೆ. ರುಚಿ ಬರಲಿಲ್ಲ. ಇದರಿಂದ ಹೋಗಿರುವುದು ಗಾಳಿಯಲ್ಲ, ನೆಲದ ಉಪ್ಪು. ಅದು ಸುರುವಿದರೆ ತಿರುಗಿ ಬರುವಂಥದಲ್ಲ. ಇದಕ್ಕೇನು ಮಾಡಬೇಕು ಎಂದು ಕೇಳೋಣವೆಂದರೆ ಕಾಕು ಇಲ್ಲ. ತಂಬಿಗೆ ಎತ್ತಿ ಸಪ್ಪಗೇ ಕುಡಿದೆ. ಇಂಥ ಸಪ್ಪೆ ನೀರನ್ನು ಕಾಕು ಜೀವಮಾನವಿಡೀ ಕುಡಿದರು.